ಚೌಡಮ್ಮನ ಬನದ ಎಲೆಯಿಲ್ಲದ ಹೂ

ಮೊನ್ನೆ ಪಕ್ಕದ ಮನೆಯವರು ಮಹಡಿಗೆ ತಾರಸಿ ಹಾಕಿಸಿದರು. ಬೆಳಿಗ್ಗೆ ಏಳಕ್ಕೇ ಮಿಕ್ಸರ್ ಗರಗರ ಅನ್ನತೊಡಗಿತು. ನಾನು ಹಿತ್ತಲ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದೆ. ಒಣ ಸಿಮೆಂಟಿನ ಮೇಲೆ ಮೊದಲ ಕೊಡ ನೀರು ಬಿದ್ದಾಗ ಒಂದು ವಾಸನೆ ಏಳುತ್ತದಲ್ಲ, ಸುಣ್ಣದ್ದೂ ಅಲ್ಲ, ಮಣ್ಣಿನದ್ದೂ ಅಲ್ಲ, ಮೂಗಿನೊಳಗೆ ತಣ್ಣಗೆ ಹತ್ತುವ ವಾಸನೆ, ಅದು ಬಂತು. ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಎಲ್ಲರಿಗೂ ಅದು ಮನೆ ಕಟ್ಟುವ ವಾಸನೆ. ನನಗೆ ಮಾತ್ರ ಅದು ಒಂದು ಹೂವಿನ ವಾಸನೆ. ಆ ಹೂವನ್ನು ನಾನು ಮೂಸಿ ಕೂಡ ನೋಡಿದವಳಲ್ಲ.

ನಾಲ್ಕು ವರ್ಷದ ಹಿಂದಿನ ಮೃಗಶಿರ ಮಳೆಯ ಮಾತಿದು. ಆದರೆ ಅದಕ್ಕೂ ಹಿಂದಿನ ವರ್ಷದ ಬೇಸಿಗೆಯಿಂದ ಹೇಳಬೇಕು.

ನಮ್ಮದು ನ್ಯಾಮತಿ. ನಮ್ಮ ಮನೆಯವರದು ಹೊನ್ನಾಳಿ ರಸ್ತೆಯಲ್ಲಿ ಸಣ್ಣ ಅಂಗಡಿ, ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತುವ ಕೆಲಸ. ಆ ಬೇಸಿಗೆಯಲ್ಲಿ ಸವಳಂಗದ ಹತ್ತಿರ ಒಬ್ಬರ ಹೊಲಕ್ಕೆ ಮೋಟಾರು ಕೂಡಿಸಲು ಹೋದವರು, ಕರೆಂಟಿಲ್ಲ ಅಂದುಕೊಂಡು ತಂತಿ ಮುಟ್ಟಿದರು. ಕರೆಂಟು ಅದೇ ಗಳಿಗೆಗೆ ಬಂತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಎರಡು ದಿನ ಕಣ್ಣು ತೆರೆಯಲಿಲ್ಲ. ಮೂರನೆಯ ಬೆಳಿಗ್ಗೆ ವರಾಂಡದ ಬೆಂಚಿನಲ್ಲಿ ಕೂತು, ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ನಮ್ಮೂರ ಹೊರಗಿನ ಬನದ ಚೌಡಮ್ಮನಿಗೆ ಹರಕೆ ಹೊತ್ತೆ. ಇವರನ್ನು ನಡೆಸಿಕೊಂಡು ಮನೆಗೆ ಕಳಿಸು ತಾಯಿ, ನಿನ್ನ ಗುಡಿಯ ಮುಂದಿನ ಅಂಗಳಕ್ಕೆ ಕಾಂಕ್ರೀಟು ಹಾಕಿಸುತ್ತೇನೆ, ಮಳೆಗಾಲದಲ್ಲಿ ನಿನ್ನ ಮಕ್ಕಳ ಕಾಲು ಕೆಸರಾಗದ ಹಾಗೆ ಮಾಡುತ್ತೇನೆ ಅಂತ. ಅದೇ ಮಧ್ಯಾಹ್ನ ಇವರು ಕಣ್ಣು ಬಿಟ್ಟು, ಮೊದಲ ಮಾತಿಗೆ, ಅಂಗಡಿ ಬಾಗಿಲು ಹಾಕಿದ್ದೀಯಾ ಅಂತ ಕೇಳಿದರು. ಎಡಗೈಯ ಎರಡು ಬೆರಳು ಮರಗಟ್ಟಿದ್ದು ಹಾಗೆಯೇ ಉಳಿಯಿತು. ಮಿಕ್ಕಂತೆ ಮನುಷ್ಯ ನಡೆದುಕೊಂಡೇ ಮನೆಗೆ ಬಂದರು.

ಅವತ್ತಿನಿಂದ ನನಗೊಂದು ರೂಢಿ. ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ಸಿಕ್ಕ ಉಪಕಾರಗಳನ್ನು ಬೆರಳು ಮಡಿಸಿ ಎಣಿಸುತ್ತೇನೆ. ಹಾಲು ಒಡೆಯಲಿಲ್ಲ, ಎರಡು. ನಲ್ಲಿ ನೀರು ಬಂತು, ಮೂರು. ಹೀಗೆ. ಮೊದಲ ಬೆರಳು ಮಾತ್ರ ಯಾವಾಗಲೂ ಇವರು ಮನೆಗೆ ಬಂದದ್ದಕ್ಕೆ.

ಹರಕೆ ತೀರಿಸಲು ವರ್ಷ ಹಿಡಿಯಿತು. ನಮ್ಮಲ್ಲಿ ಚೌಡಮ್ಮನ ಜಾಗದಲ್ಲಿ ಒಂದು ಕಲ್ಲು ಸರಿಸುವುದಾದರೂ ಹೂವಿನ ಅಪ್ಪಣೆ ಕೇಳಬೇಕು. ಪೂಜಾರಿ ಬಸಜ್ಜ ಹೂವಿನ ಎಸಳುಗಳನ್ನು ನೀರಲ್ಲಿ ಅದ್ದಿ ಅಮ್ಮನ ಎರಡೂ ಹೆಗಲಿಗೆ ಅಂಟಿಸುತ್ತಾನೆ. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದಾದರೆ ಬೇಡ. ನನ್ನ ಹರಕೆಗೆ ಬಲಗಡೆಯ ಎಸಳು ಅಂಟಿಸಿದ ಕೂಡಲೇ ಅನ್ನುವಷ್ಟು ಬೇಗ ಬಿದ್ದಿತ್ತು. ಮೇಸ್ತ್ರಿ ಖಾದರ್ ಸಾಬರು ಬಂದು ಗುಡಿಯ ಮುಂದೆ ಗೂಟ ಹೊಡೆದು ದಾರ ಕಟ್ಟಿಹೋದರು. ಜಲ್ಲಿ, ಮರಳು ಬಿತ್ತು. ಸಿಮೆಂಟು ಚೀಲಗಳು ಗುಡಿಯ ಜಗುಲಿಯ ಮೇಲೆ ತಾಡಪಾಲಿನ ಕೆಳಗೆ ಕೂತವು. ಸೋಮವಾರ ಕೆಲಸ ಅಂತ ಗೊತ್ತಾಯಿತು.

ಅದಕ್ಕೆ ಮೂರು ದಿನ ಮುಂಚೆ, ಶುಕ್ರವಾರ, ದಾರದೊಳಗಿನ ಕಸ ಗುಡಿಸೋಣ ಅಂತ ಪೊರಕೆ ಹಿಡಿದು ಹೋದೆ. ಹಿಂದಿನ ದಿನವೆಲ್ಲ ಮಳೆ ಸುರಿದು ಬೆಳಿಗ್ಗೆ ಬಿಟ್ಟಿತ್ತು. ಬನ ಅಂದರೆ ದೊಡ್ಡದಲ್ಲ, ಸುತ್ತ ಮೆಕ್ಕೆಜೋಳದ ಹೊಲ, ನಡುವೆ ಒಂದು ಸಣ್ಣ ಒರತೆ, ಅದರ ಸುತ್ತ ಯಾರೂ ಕೊಡಲಿ ಹಾಕದ ಮರಗಳು. ಒಳಗೆ ಕಾಲಿಟ್ಟರೆ ಬಿಸಿಲು ಹೊರಗೇ ನಿಲ್ಲುತ್ತದೆ. ಗುಡಿಯ ಎದುರಿಗೆ ನಾಲ್ಕು ಜನ ತಬ್ಬಿದರೂ ಸಾಲದ ಬಸರಿ ಮರ. ಅದರ ಬೇರಿನ ಸಂದಿಯಲ್ಲಿ, ಕೊಳೆತ ಎಲೆಯ ನಡುವೆ, ಬೆಳ್ಳಗೆ ಏನೋ ಕಂಡಿತು. ಯಾರೋ ಊದುಬತ್ತಿ ಸಿಕ್ಕಿಸಿ ಹೋಗಿದ್ದಾರೆ ಅಂದುಕೊಂಡೆ. ಬಗ್ಗಿ ನೋಡಿದೆ. ನಾಲ್ಕು ದಂಟು. ಮೊಣಕಾಲೆತ್ತರ. ಎಲೆ ಇಲ್ಲ. ಒಂದೇ ಒಂದು ಎಲೆ ಇಲ್ಲ, ಹಸಿರಿನ ಒಂದು ಗೆರೆಯೂ ಇಲ್ಲ. ದಂಟು ಸುಲಿದ ಬೆಳ್ಳುಳ್ಳಿಯ ಬಣ್ಣ, ಬೆಳಕಿಗೆ ಹಿಡಿದರೆ ಆ ಕಡೆಯದು ಕಾಣುತ್ತದೇನೋ ಅನ್ನುವಷ್ಟು ತೆಳು. ಅದರ ತುದಿಗೆ ಸಾಲಾಗಿ ಹೂಗಳು, ತಲೆ ತಗ್ಗಿಸಿಕೊಂಡು ನಿಂತಿವೆ. ಹಾಲಿನ ಕೆನೆಯ ಬಣ್ಣ, ಒಳಗೆ ಕುಂಕುಮ ಸಿಡಿದ ಹಾಗೆ ಚುಕ್ಕಿ.

ನನಗೆ ಐವತ್ತು ದಾಟಿದೆ. ಬೆಳಿಗ್ಗೆ ಎದ್ದರೆ ಹೂ ಬಿಡಿಸುವವಳು ನಾನು. ಯಾರ ಮನೆಯ ಕಾಂಪೌಂಡಿನಲ್ಲಿ ಯಾವ ಹೂ ಯಾವ ತಿಂಗಳು ಅಂತ ಬಾಯಿಪಾಠ. ಇಂಥದ್ದನ್ನು ನೋಡಿರಲಿಲ್ಲ. ಮೈ ಜುಂ ಅಂತು. ಎಷ್ಟು ಹೊತ್ತು ಹಾಗೆ ಕುಕ್ಕರುಗಾಲಲ್ಲಿ ಕೂತಿದ್ದೆನೋ, ಏಳುವಾಗ ಕಾಲು ಜೋಮು ಹಿಡಿದಿತ್ತು.

ಆಮೇಲೆ ನಾನು ಮಾಡಿದ್ದನ್ನೂ ಹೇಳಬೇಕು. ಹೊಸ ಹೂ ಕಂಡರೆ ಮೊದಲದ್ದು ದೇವರಿಗೆ, ಅದನ್ನು ಮೂಸಬಾರದು, ಮುಡಿಯಬಾರದು. ಹುಟ್ಟಿದಾಗಿನಿಂದ ಕೈಗೆ ಅದೇ ಅಭ್ಯಾಸ. ಒಂದು ದಂಟನ್ನು ಮುರಿದೆ. ಚಳಕ್ ಅಂತು, ಸೌತೆಕಾಯಿ ಎಳೆಯದನ್ನು ಮುರಿದ ಹಾಗೆ. ಅಮ್ಮನ ತಲೆಯ ಮೇಲಿಟ್ಟು, ಕಾಯಿ ಒಡೆಸಿ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಎಸಳಿನ ಅಂಚು ಕಂದುತ್ತಿತ್ತು. ಬಸಜ್ಜ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದ. ಬುದ್ಧಿ ಬಂದಾಗಿಂದ ಈ ಬನದಲ್ಲೇ ಇದ್ದೀನಿ, ನಾ ಇದನ್ನು ಕಂಡಿಲ್ಲ ಅಂದ. ಪ್ರಸಾದ ಅಂತ ಅದನ್ನೇ ಮುತ್ತುಗದ ಎಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ.

ಮನೆಯ ಮೆಟ್ಟಿಲ ಮೇಲೆ ನಾಗವೇಣಿ ಸಿಕ್ಕಳು. ಮಹಡಿಯ ಕೋಣೆಗೆ ಆ ವರ್ಷ ಬಾಡಿಗೆಗೆ ಬಂದಿದ್ದ ಹುಡುಗಿ, ಕುಮಟಾದ ಕಡೆಯವಳು, ಹೊನ್ನಾಳಿಯಲ್ಲಿ ಕಾಲೇಜಿನ ಮಕ್ಕಳಿಗೆ ಸಸ್ಯಶಾಸ್ತ್ರ ಹೇಳುತ್ತಿದ್ದಳು. ಭಾನುವಾರ ಬಂತೆಂದರೆ ಕೊರಳಿಗೆ ಭೂತಗನ್ನಡಿ ಹಾಕಿಕೊಂಡು ಹೊಲದ ಬದುವಿನಲ್ಲಿ ಅಲೆಯುವಳು. ನಮ್ಮ ಮನೆಯವರು ಅವಳನ್ನು ಹುಲ್ಲಿನ ಡಾಕ್ಟ್ರು ಅಂತ ಕರೆದು ಗೋಳು ಹೊಯ್ದುಕೊಳ್ಳುತ್ತಿದ್ದರು. ಪ್ರಸಾದ ತಗೋ ತಂಗಿ ಅಂತ ಎಲೆ ಬಿಚ್ಚಿದೆ. ಅವಳು ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟಳು.

"ಅಕ್ಕಾ, ಇದನ್ನ ಎಲ್ಲಿ ಕೊಯ್ದ್ರಿ?"

ಹೇಳಿದೆ. ಅವಳ ಕಣ್ಣಲ್ಲಿ ನೀರು ಬಂದಿತ್ತು. ಸಂತೋಷಕ್ಕೋ ಸಂಕಟಕ್ಕೋ ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಲ್ಲ ಅನ್ನಿಸುತ್ತದೆ.

ಅವಳ ಸ್ಕೂಟಿಯ ಹಿಂದೆ ಕೂತು ಮತ್ತೆ ಬನಕ್ಕೆ ಹೋದೆ. ಉಳಿದ ಮೂರು ದಂಟಿನ ಮುಂದೆ ಅವಳು ಚಪ್ಪಲಿ ಬಿಟ್ಟು ಕೂತಳು. ದಾರಿಯುದ್ದಕ್ಕೂ, ಅಲ್ಲಿ ಕೂತ ಮೇಲೂ, ಸಣ್ಣ ದನಿಯಲ್ಲಿ ಹೇಳುತ್ತಾ ಹೋದಳು. ಅವಳು ಏಳೆಂಟು ವರ್ಷದವಳಿದ್ದಾಗ ಅಪ್ಪನ ಕೈಹಿಡಿದು ಸಮುದ್ರದ ಕಡೆಯ ದಟ್ಟ ಹಳೇ ಕಾಡಿನಲ್ಲಿ ಇದನ್ನು ಒಮ್ಮೆ ನೋಡಿದ್ದಳಂತೆ. ಆ ಜಾಗದ ಮರಗಳೆಲ್ಲ ಹೋದವು. ಆಮೇಲೆ ಓದಿ, ಇದೇ ವಿದ್ಯೆ ಕಲಿತು, ಮಳೆಗಾಲ ಮಳೆಗಾಲವೂ ಹುಡುಕಿದರೂ ಕಾಣಲಿಲ್ಲ. ಮರದ ಕೊಂಬೆಗೆ ಅಂಟಿ ಬೆಳೆಯುವ ಸೀತಾಳೆ ದಂಡೆ ಹೂವಿನ ಬಳಗದ್ದೇ ಇದು, ಆದರೆ ಮರದ ಮೇಲಲ್ಲ, ನೆಲದಲ್ಲಿ. ಎಲೆ ಇಲ್ಲದ್ದರಿಂದ ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದು. ಮಣ್ಣಿನೊಳಗೆ ಕೊಳೆತ ಎಲೆಯಲ್ಲಿ ಹಬ್ಬಿರುವ ಬೂಜು ಇದಕ್ಕೆ ಉಣ್ಣಿಸುತ್ತದೆ. ವರ್ಷಗಟ್ಟಲೆ ಗಡ್ಡೆಯಾಗಿ ನೆಲದೊಳಗೇ ಕೂತಿರುತ್ತದೆ. ಯಾವುದೋ ಒಂದು ಮಳೆಗೆ ಮೇಲೆದ್ದು, ಹೂ ಬಿಟ್ಟು, ಬೀಜ ಚೆಲ್ಲಿ, ಹದಿನೈದು ದಿನದೊಳಗೆ ಇದ್ದ ಗುರುತಿಲ್ಲದೆ ಹೋಗುತ್ತದೆ. ಸಮುದ್ರದ ಕಡೆಯ ಹೂ ಘಟ್ಟ ಹತ್ತಿ ಇಲ್ಲಿಗೆ ಹೆಂಗೆ ಬಂತು ಅಂತ ಕೇಳಿದೆ. ನನಗೂ ಗೊತ್ತಿಲ್ಲ ಅಕ್ಕ ಅಂದಳು. ಓದಿದವರು ಹಾಗೆ ಅಂದದ್ದು ನನಗೆ ಹಿಡಿಸಿತು.

ಆಗ ಅವಳ ಕಣ್ಣು ದಾರದ ಮೇಲೆ ಬಿತ್ತು. ಖಾದರ್ ಸಾಬರ ದಾರ ಬಸರಿ ಬೇರಿನಾಚೆಗೆ ಹೋಗಿತ್ತು. ಹೂ ಒಳಗಿತ್ತು. ಏನಿದು ಅಂತ ಕೇಳಿದಳು, ಹರಕೆಯ ಕಥೆ ಹೇಳಿದೆ. ಅವಳು ಬೇಡ ಅನ್ನಲಿಲ್ಲ. ಹರಕೆ ನಿಮ್ಮದು, ನಾನೆಂತ ಹೇಳಲಿ ಅಂದಳು. ನನಗೇ ತಡೆಯದೆ, ಬೀಜ ಚೆಲ್ಲುವವರೆಗೆ ಕೆಲಸ ಒಂದು ವಾರ ಮುಂದೆ ಹಾಕಿಸುತ್ತೇನೆ ಅಂದೆ. ದೊಡ್ಡ ಉಪಕಾರ ಮಾಡಿದ ಹಾಗೆ ಅನ್ನಿಸಿ ಅವತ್ತು ದೀಪ ಹಚ್ಚುವಾಗ ಅದನ್ನೂ ಒಂದು ಬೆರಳಿಗೆ ಎಣಿಸಿದೆ.

ಆ ವಾರದಂಥ ವಾರ ನನ್ನ ಜೀವನದಲ್ಲಿ ಮತ್ತೆ ಬಂದಿಲ್ಲ. ದಿನಾ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಅವಳು ಬಸ್ಸು ಹತ್ತುವ ಮುಂಚೆ ಇಬ್ಬರೂ ಬನಕ್ಕೆ ಹೋಗಿ ಬರುತ್ತಿದ್ದೆವು. ಅವಳು ಭೂತಗನ್ನಡಿ ಕೊಟ್ಟಳು. ಹೂವಿನ ಒಳಗೆ ನೋಡಿದೆ. ಚುಕ್ಕಿ ಅಂದುಕೊಂಡದ್ದು ಚುಕ್ಕಿಯಲ್ಲ, ಮಣಿ ಪೋಣಿಸಿದ ಹಾಗೆ ಸಾಲು ಸಾಲು ಸಣ್ಣ ಗುಬುಟು. ಕಣ್ಣಿಗೇ ಕಾಣದ ಕಡೆ ಇಷ್ಟು ಕೆಲಸ ಯಾರಿಗಾಗಿ ಮಾಡಿಟ್ಟಿದ್ದಾನೆ ಶಿವ ಅನ್ನಿಸಿತು. ಮಳೆ ಹನಿ ಬಿದ್ದರೆ ದಂಟು ನಡುಗುತ್ತಿತ್ತು, ಮುರಿಯುತ್ತಿರಲಿಲ್ಲ. ಐದನೆಯ ದಿನಕ್ಕೆ ಕೆಳಗಿನ ಹೂ ಕಾಯಾಗಿ ಒಡೆದಿತ್ತು. ನಾಗವೇಣಿ ಉಸಿರು ಬಿಗಿಹಿಡಿದು ಅದರ ಕೆಳಗೆ ಕಪ್ಪು ಕಾಗದ ಒಡ್ಡಿದಳು. ಬಿದ್ದದ್ದು ಬೀಜವಂತೆ. ನಾನು ದಿನಾ ಹಣೆಗೆ ಹಚ್ಚುವ ವಿಭೂತಿಗಿಂತ ನುಣ್ಣಗಿತ್ತು. ಅವಳು ಮೆಲ್ಲಗೆ ಊದಿದಳು, ಹೋಯಿತು. ಎಲ್ಲಿ ಇಳಿಯಿತೋ ಆ ತಾಯಿಗೇ ಗೊತ್ತು.

ಹಾಗಾದರೆ ಇನ್ನು ಕಾಂಕ್ರೀಟು ಹಾಕಬಹುದಲ್ಲ, ಬೀಜ ಹೋಯಿತಲ್ಲ ಅಂದೆ. ಅವಳು ಕಪ್ಪು ಕಾಗದ ಮಡಿಸುತ್ತಾ ಹೇಳಿದಳು. ಬೀಜ ಎಲ್ಲಾದರೂ ಹುಟ್ಟೀತು, ಹುಟ್ಟದೆಯೂ ಇದ್ದೀತು. ಗಡ್ಡೆ ಮಾತ್ರ ಇಲ್ಲೇ ಇರುವುದು. ಅಗೆದು ಬೇರೆ ಕಡೆ ನೆಟ್ಟರೆ ಬದುಕುವುದಿಲ್ಲ. ಕಾಂಕ್ರೀಟು ಬಿದ್ದರೆ ಎಲೆ ಕೊಳೆಯುವುದು ನಿಲ್ಲುತ್ತದೆ, ಬೂಜು ಸಾಯುತ್ತದೆ, ಅದರ ಹಿಂದೆ ಇದೂ.

ಮೊದಲೇ ಯಾಕೆ ಹೇಳಲಿಲ್ಲ ಅಂತ ನನಗೆ ಸಿಟ್ಟು ಬಂತು. ಅವತ್ತೇ ಸಂಜೆ ನಮ್ಮ ಮನೆಯವರಿಗೆ ಅಂಗಡಿಯಲ್ಲಿ ತಲೆ ಸುತ್ತಿ ಬಂದು, ಅಕ್ಕಪಕ್ಕದವರು ಹಿಡಿದು ಕೂಡಿಸಿದರು. ಡಾಕ್ಟರು ನೋಡಿ, ಹೊತ್ತಿಗೆ ಊಟ ಮಾಡದ್ದಕ್ಕೆ, ಮತ್ತೇನಿಲ್ಲ ಅಂದರು. ಆದರೆ ನನ್ನ ಮನಸ್ಸು ಅದನ್ನು ಒಪ್ಪಲಿಲ್ಲ. ಹರಕೆ ಮುಂದೆ ಹಾಕಿದವಳು ನಾನು. ಅಮ್ಮನ ಬನದಲ್ಲಿ ಹೂ ಮುರಿದವಳೂ ನಾನೇ. ಎರಡರಲ್ಲಿ ಯಾವುದಕ್ಕೆ ಈ ಎಚ್ಚರಿಕೆ? ಮಹಡಿ ಹತ್ತಿ ಹೋಗಿ ನಾಗವೇಣಿಗೆ ನೇರವಾಗಿಯೇ ಅಂದೆ.

"ನೋಡು ತಂಗಿ, ನಿನ್ನ ಹೂವಿಗಿಂತ ನನ್ನ ಗಂಡನ ಉಸಿರು ನನಗೆ ದೊಡ್ಡದೈತೆ. ಸೋಮವಾರ ಹಾಕಿಸಿಬಿಡ್ತೀನಿ."

"ಹಾಕ್ಸಿ ಅಕ್ಕ," ಅಂದಳು. "ನಾನೂ ಬರ್ತೆ. ನೀರು ಹೊರೂಕೆ ಜನ ಬೇಕಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಆ ಮಾತು ನನ್ನನ್ನು ಸೋಮವಾರದವರೆಗೂ ನಿದ್ದೆಗೆಡಿಸಿತು.

ಸೋಮವಾರ ಬೆಳಿಗ್ಗೆ ಮೋಡ ಮುಸುಕಿತ್ತು, ಹನಿ ಇರಲಿಲ್ಲ. ಮೂರು ದಂಟಿನಲ್ಲಿ ಎರಡು ಬಾಗಿ ಕರಗುತ್ತಿದ್ದವು. ಒಂದರ ತುದಿಯಲ್ಲಿ ಮಾತ್ರ ಇನ್ನೂ ಎರಡು ಹೂ. ಅದನ್ನು ನೋಡಿದ ಮೇಲೆ ಮೇಸ್ತ್ರಿಗೆ ಶುರುಮಾಡಿ ಅನ್ನಲು ನನಗೆ ಬಾಯಿ ಬರಲಿಲ್ಲ. ಇನ್ನೊಂದು ಸಲ ಹೂ ಕೇಳು ಅಜ್ಜ, ಇಲ್ಲೇ ಹಾಕಿಸಲೋ ಬೇಡವೋ ಅಂತ ಅಮ್ಮನೇ ಹೇಳಲಿ ಅಂದೆ. ಬಸಜ್ಜ ಎಸಳು ಅಂಟಿಸಿದ. ಎಲ್ಲರೂ ಕೂತೆವು. ಹತ್ತು ನಿಮಿಷ ಆಯಿತು, ಅರ್ಧ ಗಂಟೆ ಆಯಿತು, ಎಸಳು ಅಂಟಿದ್ದು ಅಂಟಿದ ಹಾಗೇ. ಇತ್ತ ಖಾದರ್ ಸಾಬರು, ಅಪ್ಪಣೆ ಸಿಕ್ಕೇ ಸಿಗುತ್ತದೆ ಅಂದುಕೊಂಡು ಮೊದಲ ಮಾಲು ಕಲಸಿಯೇಬಿಟ್ಟಿದ್ದರು. ಒದ್ದೆ ಸಿಮೆಂಟಿನ ಆ ವಾಸನೆ ಬನದ ತುಂಬ ಹರಡಿತು. ಸಾಂಬ್ರಾಣಿ, ಕೊಳೆತ ಎಲೆ, ಅದರ ಮೇಲೆ ಅದು.

"ಅಮ್ಮಾ, ದೇವ್ರಿಗೆ ಪುರುಸೊತ್ತೈತೆ, ಸಿಮೆಂಟಿಗಿಲ್ಲ," ಅಂದರು ಖಾದರ್ ಸಾಬರು. "ಇನ್ನ ಒಂದು ತಾಸು ಅಷ್ಟೆ. ಆಮೇಲೆ ನಾ ಹೇಳಿದ್ದೂ ಕೇಳಲ್ಲ, ಆಯಮ್ಮ ಹೇಳಿದ್ದೂ ಕೇಳಲ್ಲ ಅದು."

ಅಷ್ಟರಲ್ಲಿ ನಮ್ಮ ಮನೆಯವರು ಎಲ್ಲರಿಗೂ ಚಹಾ ತಗೊಂಡು ಬಂದರು. ನಾನು ಅಳುತ್ತಿದ್ದುದನ್ನು ನೋಡಿ ಏನಾಯಿತು ಅಂದರು. ಅಲ್ಲಿಯವರೆಗೆ ಅವರಿಗೆ ಹರಕೆ ಗೊತ್ತಿತ್ತು, ನನ್ನ ಹೆದರಿಕೆ ಗೊತ್ತಿರಲಿಲ್ಲ. ಎಲ್ಲ ಹೇಳಿಕೊಂಡೆ. ಅವರು ಎಲ್ಲೈತೆ ತೋರಿಸು ಅಂದು, ಅಂಗಿಯ ಜೇಬಿನಿಂದ ಕನ್ನಡಕ ತೆಗೆದು, ನೆಲಕ್ಕೆ ಮೊಣಕೈ ಊರಿ ಮಲಗಿದರು. ನಾಗವೇಣಿ ಭೂತಗನ್ನಡಿ ಕೊಟ್ಟಳು. ಮೂವತ್ತು ವರ್ಷ ಕೂದಲಿನಂಥ ತಾಮ್ರದ ತಂತಿಯನ್ನು ಒಂದರ ಪಕ್ಕ ಒಂದು ಕೂರಿಸಿದ ಮನುಷ್ಯ. ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಕೂತು, ಮರಗಟ್ಟಿದ ತಮ್ಮ ಎರಡು ಬೆರಳನ್ನು ಇನ್ನೊಂದು ಕೈಯಿಂದ ನೀವಿಕೊಂಡರು.

"ಇಷ್ಟು ನಾಜೂಕಿನ ಕೆಲ್ಸ ಇನ್ನ ನನ್ನ ಕೈಲಿ ಆಗಲ್ಲ ಕಣೇ. ಆಗೋರು ಮಾಡ್ಯಾರೆ. ಅದರ ಮೇಲೆ ಸಿಮೆಂಟ್ ಹಾಕ್ಸಿ ನನ್ನ ಉಳ್ಸಬೇಡ."

ಖಾದರ್ ಸಾಬರು ಬಾಣಲಿ ಕೆಳಗಿಟ್ಟು, ತಡೆದು ತಡೆದು, ತಪ್ಪು ತಿಳಿಯಬೇಡಿ ಅಂತ ಶುರುಮಾಡಿದರು. ಇಲ್ಲಿ ಮರದ ಕೆಳಗೆ ಕೆಸರೇ ಇಲ್ಲ, ಬರೀ ಎಲೆ. ಕೆಸರು ಇರುವುದು ಬನದ ಬಾಯಲ್ಲಿ, ಟ್ರ್ಯಾಕ್ಟರು ತಿರುಗಿಸುವ ಕಡೆ, ಜನ ಜಾರುವುದೂ ಅಲ್ಲೇ. ದಾರ ಕಟ್ಟುವ ದಿನವೇ ಹೇಳೋಣ ಅಂತಿದ್ದರಂತೆ, ಹರಕೆಯ ಮಾತಲ್ಲಿ ನಾನ್ಯಾಕೆ ಬಾಯಿ ಹಾಕಲಿ ಅಂತ ಸುಮ್ಮನಾದರಂತೆ. ನನಗೆ ಆಗ ನೆನಪಾಯಿತು. ನಮ್ಮ ಅತ್ತೆ ಬದುಕಿದ್ದಾಗ ಹಣ್ಣುಕಾಯಿ ಬುಟ್ಟಿಯ ಸಮೇತ ಜಾರಿ ಬಿದ್ದದ್ದು ಅಲ್ಲಿಯೇ. ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣು ಮುಚ್ಚಿಕೊಂಡು ಮಾತು ಕೊಟ್ಟವಳಿಗೆ ಯಾವ ಅಂಗಳ, ಯಾವ ಕೆಸರು ಅಂತ ಎಲ್ಲಿ ಕಂಡಿತ್ತು?

ಬನದ ಬಾಯಲ್ಲೇ ಹಾಕಲು ಅಪ್ಪಣೆ ಕೇಳು ಅಂದರೆ, ಒಂದು ದಿನಕ್ಕೆ ಒಂದೇ ಮಾತು ಕೇಳಬೇಕು ಅಂದ ಬಸಜ್ಜ. ಮಾಲು ಬಿಗಿಯುತ್ತಿತ್ತು. ಅಮ್ಮ ಬಾಯಿ ಬಿಡಲಿಲ್ಲ. ನಾನೇ ಬಿಟ್ಟೆ. ದಾರ ಬಿಚ್ಚಿರಿ, ಬನದ ಬಾಯಿಗೆ ಕಟ್ಟಿರಿ ಅಂದೆ.

ನಾಗವೇಣಿ ನೀರು ಹೊತ್ತಳು, ಇವರು ಬಾಣಲಿ ಕೊಟ್ಟರು, ನಾನು ಜಲ್ಲಿ ಎಳೆದೆ. ಅರ್ಧ ಹಾಸು ಮುಗಿದಿತ್ತು. ಆಗ ಬಸಜ್ಜ ಗುಡಿಯ ಕಡೆಯಿಂದ ಕೋಲೂರಿಕೊಂಡು ಬಂದು ನನ್ನ ಎದುರಿಗೆ ನಿಂತ.

"ಹೂ ಬಿತ್ತು ತಾಯಿ. ಬಲಗಡೇದು."

ನನ್ನ ಕೈ ನಿಂತಿತು. ಬಲಗಡೆ ಅಂದರೆ ಒಪ್ಪಿಗೆ. ಆದರೆ ನಾನು ಕೇಳಿದ್ದು ಗುಡಿಯ ಮುಂದೆ ಹಾಕಿಸಲೋ ಅಂತ. ಅಲ್ಲೇ ಹಾಕು ಅಂದಳೋ? ಇಲ್ಲಿ ಹಾಕಿದ್ದನ್ನು ಒಪ್ಪಿದಳೋ? ಏನರ್ಥ ಅಜ್ಜ ಅಂತ ಕೇಳಿದೆ.

"ಬಿದ್ದದ್ದು ಹೇಳೋದು ನನ್ನ ಕೆಲ್ಸ," ಅಂದ ಬಸಜ್ಜ. "ಅರ್ಥ ಮಾಡ್ಕೊಂಡು ಬದುಕೋದು ನಿಂದು."

ಹಾಗೆ ನಾಲ್ಕು ವರ್ಷ ಬದುಕಿದ್ದೇನೆ. ಮೊದಲ ವರ್ಷ ಇವರಿಗೆ ಸಣ್ಣ ನೆಗಡಿಯಾದರೂ ಆ ಬಲಗಡೆಯ ಎಸಳು ಕಣ್ಣ ಮುಂದೆ ಬರುತ್ತಿತ್ತು. ಈಗ ಅಷ್ಟಿಲ್ಲ. ನಾನು ಮುರಿದ ದಂಟನ್ನು ನಾಗವೇಣಿ ಕಾಗದದ ನಡುವೆ ಒಣಗಿಸಿ ತನ್ನ ಗುರುಗಳಿಗೆ ಕಳಿಸಿದಳು. ಈ ಸೀಮೆಯಲ್ಲಿ ಇದು ಇತ್ತು ಅನ್ನುವುದಕ್ಕೆ ಅದೊಂದೇ ಸಾಕ್ಷಿಯಂತೆ. ನೀವು ಮುರಿಯದಿದ್ದರೆ ನಾನೇ ಮುರಿಯಬೇಕಿತ್ತು ಅಕ್ಕ, ನನ್ನ ಪಾಪ ನೀವು ಹೊತ್ತಿರಿ ಅಂತ ನಗುತ್ತಿದ್ದಳು. ಈಗ ಅವಳು ಬೇರೆ ಊರಿನ ಕಾಲೇಜಿನಲ್ಲಿದ್ದಾಳೆ. ಮೃಗಶಿರ ಮಳೆ ಹಿಡಿಯಿತೆಂದರೆ ಫೋನು ಮಾಡುತ್ತಾಳೆ. ಮೊದಲು ಭಾವ ಹೇಗಿದ್ದಾರೆ ಅಂತ ಕೇಳುತ್ತಾಳೆ. ಅದಾದ ಮೇಲೆ, ದನಿ ತಗ್ಗಿಸಿ, ಬಂತಾ ಅಕ್ಕ ಅಂತ. ಇಲ್ಲ ಕಣೇ ಅನ್ನುತ್ತೇನೆ.

ಪಕ್ಕದ ಮನೆಯ ತಾರಸಿಯ ವಾಸನೆ ಹತ್ತಿದ ಮೇಲೆ ಮನೆಯಲ್ಲಿ ಕೂರಲಾಗದೆ, ಮರುದಿನ ಬೆಳಿಗ್ಗೆ ಇವರನ್ನು ಕರೆದುಕೊಂಡು ಬನಕ್ಕೆ ಹೋದೆ. ರಾತ್ರಿಯೆಲ್ಲ ಸುರಿದಿತ್ತು. ಬನದ ಬಾಯಲ್ಲಿ ಕಾಂಕ್ರೀಟು ತೊಳೆದಿಟ್ಟ ಹಾಗಿತ್ತು, ಒಬ್ಬ ಮುದುಕಿ ಅದರ ಮೇಲೆ ನಿಂತು ನಿಧಾನಕ್ಕೆ ಕಾಲು ತೊಳೆಯುತ್ತಿದ್ದಳು. ನಾನು ಬಸರಿ ಮರದ ಬೇರಿನ ಸಂದಿಗೆ ಹೋದೆ. ಎಲೆ ಇತ್ತು, ಎಲೆಯ ಕೆಳಗೆ ಎಲೆ ಇತ್ತು. ಕೈ ಹಾಕಿ ಕೆದಕಲಿಲ್ಲ. ಅದು ಒಳಗಿದೆಯೋ, ಎಂದೋ ಕರಗಿಹೋಯಿತೋ. ನಮ್ಮ ಕಾಲಿನಡಿ ಏನೇನು ಕಾದು ಕೂತಿರುತ್ತದೆ ಅಂತ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಸೆರಗು ಹೊದ್ದು, ಮಂಡಿಯೂರಿ, ಹಣೆಯನ್ನು ಆ ಒದ್ದೆ ಎಲೆಗೆ ತಾಗಿಸಿದೆ.

ಬಸಜ್ಜನಿಗೆ ಈಗ ಕಣ್ಣು ಮಬ್ಬು, ಆದರೂ ಜಗುಲಿಯ ಮೇಲಿಂದ ನನ್ನನ್ನು ಗುರುತು ಹಿಡಿದ.

"ಗುಡಿ ಈ ಕಡೆ ಐತೆ ತಾಯಿ," ಅಂದ.

"ಗೊತ್ತೈತೆ ಅಜ್ಜ. ಬಂದೆ," ಅಂದೆ.

ಏಳಲು ಮಂಡಿ ಹಿಡಿದುಕೊಂಡಿತ್ತು. ಇವರು ಎಡಗೈ ಕೊಟ್ಟು ಎಬ್ಬಿಸಿದರು.